ಬುದ್ಧಿಹಲ್ಲು ಕೀಳಿಸುವವರು ತಿಳಿದಿರಬೇಕಾದ ಸಂಗತಿಗಳು



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬೀಜೋಪಚಾರ, ಗೊಬ್ಬರದ ಗುಂಡಿ, ರಾಗಿಯ ನಾಟಿ ಮೊದಲಾದ ವಿಷಯಗಳನ್ನು ಬರೆಯುವವನು. ಈ ಸಲ ಹಲ್ಲಿನ ವಿಚಾರ ಬರೆಯುತ್ತಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಇದಕ್ಕೆ ಎರಡು ಕಾರಣಗಳಿವೆ.

ಕಳೆದ ವರ್ಷ ರಾಗಿ ಕೊಯ್ಲಿನ ಕಾಲ. ನಾನು ತಿರುಗುವ ಹಳ್ಳಿಯೊಂದರಲ್ಲಿ 24 ವರ್ಷದ ರೈತ ಯುವಕರೊಬ್ಬರು ಕೆನ್ನೆಗೆ ಟವಲು ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. "ಏನಾಯಿತಪ್ಪ?" ಎಂದು ಕೇಳಿದರೆ ಬಾಯಿ ತೆರೆಯಲಾರದೆ ಕೈಸನ್ನೆ ಮಾಡಿದರು. ಅವರ ತಾಯಿ ಒಳಗಿನಿಂದ ಬಂದು, "ಮೂರು ವಾರದಿಂದ ಕೊನೇ ಹಲ್ಲಿನ ನೋವು ಸ್ವಾಮಿ. ಲವಂಗ ಇಟ್ಟಿದ್ದಾಯ್ತು, ಹೊಗೆಸೊಪ್ಪು ಇಟ್ಟಿದ್ದಾಯ್ತು, ಶಾಖ ಕೊಟ್ಟಿದ್ದಾಯ್ತು. ಕೀಳಿಸ್ಕೊಳ್ಳೋ ಅಂದ್ರೆ ಹೆದರ್ತಾನೆ" ಎಂದರು. ಅವರ ಬಾಯಿಯಲ್ಲಿ ಒಂದು ಬೆರಳು ಕೂಡ ಸರಿಯಾಗಿ ಹೋಗುವಂತಿರಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಳಗೆ ಕೀವು ತುಂಬಿತ್ತು. ನಾಲ್ಕು ದಿನ ಅಲ್ಲಿಯೇ ಇರಬೇಕಾಯಿತು. ಅಷ್ಟರಲ್ಲಿ ಕೊಯ್ದು ಹಾಕಿದ್ದ ರಾಗಿಯ ಮೇಲೆ ಮಳೆ ಬಂತು. ಕಡೆಗೆ ಆ ಹಲ್ಲನ್ನು ಕೀಳಲು ಹಿಡಿದದ್ದು ಅರ್ಧ ಗಂಟೆ. ಕೀಳಿಸಲು ಹೆದರಿ ಕಳೆದದ್ದು ಮೂರು ವಾರ.

ಎರಡನೆಯ ಕಾರಣ ನಾನೇ. ಅವರಿಗೆ ಧೈರ್ಯ ಹೇಳಿದ ನನಗೂ ಎರಡು ತಿಂಗಳ ಮೇಲೆ ಅದೇ ಹಲ್ಲು ಕಾಟ ಕೊಟ್ಟಿತು. ಕೀಳಿಸಿಕೊಂಡೆ, ಯಾವ ಕಷ್ಟವೂ ಆಗಲಿಲ್ಲ. ಆದರೆ ಮನೆಗೆ ಬಂದು ಡಾಕ್ಟರು ಹೇಳಿದ ಮಾತನ್ನು ಕೇಳದೆ ಹೋದೆ. ಅದರ ಫಲವನ್ನು ಒಂದು ವಾರ ಉಂಡೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಈ ಎರಡು ಅನುಭವಗಳಿಂದ ನನಗೆ ತಿಳಿದುಬಂದದ್ದು ಇಷ್ಟೇ: ಹಲ್ಲು ಕೀಳುವ ಕೆಲಸ ಚಿಕ್ಕದು. ಹೆಚ್ಚಿನ ಕೇಡು ಬರುವುದು ಕೀಳಿಸುವ ಮುಂಚಿನ ತಡದಿಂದ, ಇಲ್ಲವೆ ಕೀಳಿಸಿದ ಮೇಲಿನ ಅಜಾಗರೂಕತೆಯಿಂದ.

ಬುದ್ಧಿಹಲ್ಲು ಯಾವುದು?

ಮಕ್ಕಳಿಗೆ ಹಾಲುಹಲ್ಲು 20. ದೊಡ್ಡವರಿಗೆ ಎಲ್ಲ ಹಲ್ಲುಗಳೂ ಬಂದರೆ 32. ಇವುಗಳಲ್ಲಿ ಅಗಿಯುವ ದವಡೆಹಲ್ಲುಗಳ ಪೈಕಿ ಮೊದಲನೆಯದು ಸುಮಾರು 6ನೆಯ ವಯಸ್ಸಿನಲ್ಲಿ, ಎರಡನೆಯದು ಸುಮಾರು 12ರಲ್ಲಿ ಹುಟ್ಟುತ್ತವೆ. ಮೂರನೆಯದು, ಎಂದರೆ ಎಲ್ಲಕ್ಕಿಂತ ಹಿಂದಿನದು, ಸಾಧಾರಣವಾಗಿ 17ರಿಂದ 25ರೊಳಗೆ ಬರುತ್ತದೆ. ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುವುದರಿಂದ ಇದಕ್ಕೆ ಬುದ್ಧಿಹಲ್ಲು ಎಂದು ಹೆಸರು. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಕೆಲವರಿಗೆ ಒಂದೋ ಎರಡೋ ಬರುವುದೇ ಇಲ್ಲ. ಅದು ರೋಗವಲ್ಲ.

ಇದು ತೊಂದರೆ ಕೊಡುವುದೇಕೆ?

ಸಾಲಿನಲ್ಲಿ ಎಲ್ಲ ಸಸಿಗಳನ್ನೂ ನೆಟ್ಟು ಮುಗಿಸಿದ ಮೇಲೆ ಬದುವಿನ ಮೂಲೆಯಲ್ಲಿ ಇನ್ನೊಂದು ಸಸಿಯನ್ನು ತುರುಕಿದರೆ ಏನಾಗುತ್ತದೆ? ಜಾಗ ಸಾಲದೆ ಅದು ಓರೆಯಾಗಿ ಬೆಳೆಯುತ್ತದೆ. ಬುದ್ಧಿಹಲ್ಲಿನ ಪಾಡೂ ಹೀಗೆಯೇ. ದವಡೆಯಲ್ಲಿ ಸ್ಥಳವಿಲ್ಲದಿದ್ದರೆ ಕೆಲವು ಹಲ್ಲುಗಳು ಅರ್ಧ ಮಾತ್ರ ಹೊರಬರುತ್ತವೆ. ಕೆಲವು ಮುಂದಿನ ಹಲ್ಲಿನ ಕಡೆಗೆ ವಾಲಿ ನಿಲ್ಲುತ್ತವೆ. ಕೆಲವು ಮೂಳೆಯೊಳಗೆ ಅಡ್ಡವಾಗಿ ಮಲಗಿಬಿಡುತ್ತವೆ. ಕೆಳದವಡೆಯಲ್ಲಿ ಇದು ಹೆಚ್ಚು.

ಅರ್ಧ ಹೊರಬಂದ ಹಲ್ಲಿನ ಮೇಲೆ ವಸಡು ಮುಚ್ಚಳದಂತೆ ಉಳಿಯುತ್ತದೆ. ಅದರ ಸಂದಿಯಲ್ಲಿ ಅನ್ನದ ಅಗುಳು ಸೇರಿ ಕೊಳೆಯುತ್ತದೆ. ಬ್ರಷ್ಷಾಗಲಿ ಬೇವಿನ ಕಡ್ಡಿಯಾಗಲಿ ಅಲ್ಲಿಗೆ ತಲಪದು. ಆಗ ವಸಡು ಊದಿಕೊಳ್ಳುತ್ತದೆ, ಬಾಯಿ ನಾರುತ್ತದೆ, ನುಂಗುವಾಗ ನೋಯುತ್ತದೆ, ದವಡೆ ಬಿಗಿದುಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಕೀವು ಕಟ್ಟಿ ಕುತ್ತಿಗೆಗೆ ಇಳಿಯುವ ಅಪಾಯ ಉಂಟು. ವಾಲಿದ ಹಲ್ಲು ತಾನು ಹಾಳಾಗುವುದಲ್ಲದೆ, ಮುಂದಿರುವ ಒಳ್ಳೆಯ ಹಲ್ಲನ್ನೂ ಹಿಂಬದಿಯಿಂದ ಹುಳುಕಾಗಿಸುತ್ತದೆ.

ಎಲ್ಲರೂ ಕೀಳಿಸಬೇಕೆ?

ಬೇಡ. ನೆಟ್ಟಗೆ ಬಂದು, ನೋವಿಲ್ಲದೆ, ಚೊಕ್ಕಟವಾಗಿ ಉಜ್ಜಲು ಸಾಧ್ಯವಿರುವ ಬುದ್ಧಿಹಲ್ಲನ್ನು ಕೀಳಿಸುವ ಅಗತ್ಯವಿಲ್ಲ. ಮೇಲಿಂದ ಮೇಲೆ ಊದಿಕೊಳ್ಳುವುದು, ಹುಳುಕಾಗಿರುವುದು, ಪಕ್ಕದ ಹಲ್ಲನ್ನು ಕೆಡಿಸುತ್ತಿರುವುದು, ಸುತ್ತ ನೀರುಗಂಟು ಬೆಳೆದಿರುವುದು, ಇಂಥವನ್ನು ಕೀಳಿಸಬೇಕಾಗುತ್ತದೆ. ಇದನ್ನು ತೀರ್ಮಾನಿಸಬೇಕಾದವರು ದಂತವೈದ್ಯರು. ಅವರು ಮೊದಲು ಎಕ್ಸ್-ರೇ ತೆಗೆಸುತ್ತಾರೆ. ಬೇರು ಎಷ್ಟಿವೆ, ಎತ್ತ ಬಾಗಿವೆ, ಕೆಳದವಡೆಯ ನರ ಎಷ್ಟು ಹತ್ತಿರದಲ್ಲಿದೆ ಎಂಬುದು ಅದರಲ್ಲಿ ಕಾಣುತ್ತದೆ. ಜರ್ಮನಿಯ ರಾಂಟ್ಜೆನ್ ಎಂಬ ವಿಜ್ಞಾನಿ 1895ರಲ್ಲಿ ಈ ಕಿರಣವನ್ನು ಕಂಡುಹಿಡಿಯುವ ಮುಂಚೆ ಇವೆಲ್ಲ ಬರಿಯ ಊಹೆಯ ಕೆಲಸವಾಗಿತ್ತು.

ವಸಡು ಬಾತು ಕೀವಿರುವಾಗ ಅನೇಕ ವೇಳೆ ಕೂಡಲೆ ಕೀಳುವುದಿಲ್ಲ. ಮರಗಟ್ಟಿಸುವ ಮದ್ದು ಕೀವಿರುವ ಜಾಗದಲ್ಲಿ ಚೆನ್ನಾಗಿ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ತೊಳೆದು, ಬೇಕಾದರೆ ಗುಳಿಗೆ ಕೊಟ್ಟು, ಊತ ಇಳಿದ ಮೇಲೆ ಬರಹೇಳುತ್ತಾರೆ. ನೋವು ನಿಂತಿತಲ್ಲ ಎಂದು ಆಗ ಹೋಗದೆ ಉಳಿಯಬಾರದು. ಬೇರು ಬಿಟ್ಟು ಮೇಲಿನ ಗರಿ ಮಾತ್ರ ಕೊಯ್ದರೆ ಗರಿಕೆ ಮತ್ತೆ ಚಿಗುರುವಂತೆ ಈ ಬಾವೂ ಮರಳಿ ಬರುತ್ತದೆ.

ಹೋಗುವ ಮುನ್ನ

ನಿಮ್ಮಲ್ಲಿರುವ ಕಾಯಿಲೆಗಳನ್ನೂ ತೆಗೆದುಕೊಳ್ಳುವ ಔಷಧಗಳನ್ನೂ ಮುಚ್ಚಿಡದೆ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕಾಯಿಲೆ, ಗಾಯವಾದರೆ ರಕ್ತ ಬೇಗ ನಿಲ್ಲದಿರುವುದು, ಪೆನಿಸಿಲಿನ್ ಮುಂತಾದ ಮದ್ದು ಒಗ್ಗದಿರುವುದು ಇವು ಮುಖ್ಯ. ಹೆಂಗಸರು ಬಸುರಿದ್ದರೆ ಅದನ್ನೂ ತಿಳಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸಕೂಡದು. ಡಾಕ್ಟರು ಹೇಳಿದಂತೆ ನಡೆಯಬೇಕು. ಗುಳಿಗೆಯ ಹೆಸರು ಬಾಯಿಗೆ ಬಾರದಿದ್ದರೆ ಅದರ ಪಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು.

ದವಡೆಗೆ ಮಾತ್ರ ಇಂಜಕ್ಷನ್ ಕೊಟ್ಟು ಕೀಳುವುದಾದರೆ ಹೊಟ್ಟೆ ತುಂಬ ತಿಂಡಿ ತಿಂದೇ ಹೋಗಿ. ಹಸಿದು ಹೋದವರಿಗೆ ತಲೆಸುತ್ತು ಬರುತ್ತದೆ. ಪೂರ್ತಿ ಎಚ್ಚರ ತಪ್ಪಿಸಿ ಮಾಡುವುದಾದರೆ ಮಾತ್ರ ಉಪವಾಸವಿರಬೇಕು. ಎಷ್ಟು ಹೊತ್ತು ಎಂಬುದನ್ನು ಅವರೇ ಹೇಳುತ್ತಾರೆ. ಹೆಚ್ಚಿನವರಿಗೆ ದವಡೆಯ ಇಂಜಕ್ಷನ್ನೇ ಸಾಕಾಗುತ್ತದೆ. ಜೊತೆಗೆ ಮನೆಯವರೊಬ್ಬರು ಇರಲಿ. ಬಿತ್ತನೆ, ಕೊಯ್ಲಿನ ನಡುವೆ ದಿನ ಗೊತ್ತುಮಾಡದೆ, ಮೂರು ನಾಲ್ಕು ದಿನ ಬಿಡುವಿರುವ ಹೊತ್ತಿನಲ್ಲಿ ಕೀಳಿಸುವುದು ಲೇಸು. ಆದರೆ ಬಾವು ಬಂದಾಗ ಬಿಡುವಿಗಾಗಿ ಕಾಯಬಾರದು.

ಹಲ್ಲು ಮೂಳೆಯೊಳಗೆ ಆಳವಾಗಿದ್ದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡಬಹುದು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು ಇದೆ. ಮೈಸೂರು, ದಾವಣಗೆರೆ, ಧಾರವಾಡ, ಮಂಗಳೂರುಗಳಲ್ಲಿಯೂ ದಂತ ಕಾಲೇಜುಗಳಿವೆ. ಬರೆದುಕೊಟ್ಟರೆಂದು ಗಾಬರಿಪಡಬೇಕಾಗಿಲ್ಲ, ಕೆಲಸಕ್ಕೆ ತಕ್ಕ ಸಲಕರಣೆ ಇರುವ ಕಡೆಗೆ ಕಳುಹಿಸಿದರೆಂದು ತಿಳಿಯಬೇಕು.

ಕುರ್ಚಿಯಲ್ಲಿ ಕುಳಿತ ಮೇಲೆ

ಮೊದಲು ದವಡೆಗೆ ಇಂಜಕ್ಷನ್ ಕೊಡುತ್ತಾರೆ. ಇರುವೆ ಕಚ್ಚಿದಷ್ಟು ನೋವು. ಸಾಮಾನ್ಯವಾಗಿ ಬಳಸುವ ಮದ್ದು ಲಿಗ್ನೊಕೇಯ್ನ್. ಸ್ವೀಡನ್ ದೇಶದ ನಿಲ್ಸ್ ಲೋಫ್‌ಗ್ರೆನ್ ಎಂಬುವರು ಇದನ್ನು 1943ರಲ್ಲಿ ತಯಾರಿಸಿದರು. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯ ತುಟಿ, ನಾಲಿಗೆ, ಗದ್ದ ದಪ್ಪವಾದಂತೆ ತೋರಿ ಜೋಮು ಹಿಡಿಯುತ್ತದೆ. ಕೆಳಹಲ್ಲಿಗೆ ಇದು ಸರಿಯಾದ ಗುರುತು. ಜೋಮು ಹಿಡಿಯದಿದ್ದರೆ, ಅಥವಾ ನಡುವೆ ಚುರುಕ್ಕೆಂದರೆ, ಕೈ ಎತ್ತಿ ಹೇಳಿ. ಇನ್ನಷ್ಟು ಮದ್ದು ಕೊಡುತ್ತಾರೆ. ಹಲ್ಲು ಕಚ್ಚಿ ಸಹಿಸುವ ಕಾಲ ಇದಲ್ಲ.

ನೆಟ್ಟಗಿರುವ ಹಲ್ಲನ್ನು ಇಕ್ಕಳದಿಂದ ಅಲ್ಲಾಡಿಸಿ ತೆಗೆಯುತ್ತಾರೆ. ಮೇಲಿನ ದವಡೆಯ ಮೂಳೆ ಮೆದು. ಅಲ್ಲಿಯ ಹಲ್ಲು ಹೆಚ್ಚಾಗಿ ಬೇಗ ಬರುತ್ತದೆ. ಹೂತುಕೊಂಡ ಕೆಳಹಲ್ಲಿನ ಕೆಲಸ ಬೇರೆ. ಹೊಲದಲ್ಲಿ ಹಳೆಯ ಮರದ ಬೊಡ್ಡೆ ತೆಗೆಯುವುದನ್ನು ನೀವು ಬಲ್ಲಿರಿ. ಸುಮ್ಮನೆ ಎಳೆದರೆ ಬಾರದು. ಸುತ್ತ ಮಣ್ಣು ಬಿಡಿಸಿ, ಬೊಡ್ಡೆಯನ್ನು ಸೀಳಿ, ಹಾರೆಯಿಂದ ಮೀಟಿ ತೆಗೆಯುತ್ತೇವೆ. ಇಲ್ಲಿಯೂ ಹಾಗೆಯೇ. ವಸಡನ್ನು ಸ್ವಲ್ಪ ಬಿಡಿಸುತ್ತಾರೆ. ಅಡ್ಡವಿರುವ ಮೂಳೆಯನ್ನು ನೀರು ಹಾಯಿಸುತ್ತ ತಿರುಗುವ ಸಣ್ಣ ಯಂತ್ರದಿಂದ ತುಸು ಕೊರೆಯುತ್ತಾರೆ. ಹಲ್ಲನ್ನು ಎರಡು ಮೂರು ತುಂಡು ಮಾಡಿ ಮೀಟಿ ತೆಗೆದು, ಗುಳಿಯನ್ನು ತೊಳೆದು ಹೊಲಿಗೆ ಹಾಕುತ್ತಾರೆ. ಒತ್ತುವುದು, ಎಳೆಯುವುದು ನಿಮಗೆ ಗೊತ್ತಾಗುತ್ತದೆ. ಯಂತ್ರದ ಸದ್ದು ಕಿವಿಯ ಬುಡದಲ್ಲಿ ಕೇಳಿಸುತ್ತದೆ. ಒಮ್ಮೊಮ್ಮೆ ಲಟಕ್ಕೆಂಬ ಶಬ್ದವೂ ಬರಬಹುದು. ಅದು ದವಡೆ ಮುರಿದ ಶಬ್ದವಲ್ಲ, ಹಲ್ಲು ತುಂಡಾದದ್ದು. ಸುಲಭದ ಹಲ್ಲಿಗೆ ಕೆಲವು ನಿಮಿಷ, ಕಷ್ಟದ್ದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

ಹೆಪ್ಪಿನ ವಿಚಾರ

ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಹಲ್ಲು ತೆಗೆದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗುಳಿಯ ಮುಚ್ಚಳ, ಮುಂದೆ ಬೆಳೆಯುವ ಹೊಸ ಮಾಂಸಕ್ಕೆ ಅದೇ ನೆಲೆ. ತಾಯಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಗಡಿಗೆಯನ್ನು ಯಾರಾದರೂ ಕುಲುಕುತ್ತಾರೆಯೆ? ಬಾಯೊಳಗಿನ ಹೆಪ್ಪನ್ನೂ ಹಾಗೆಯೇ ಕಾಯಬೇಕು.

ನಾನು ಕಾಯಲಿಲ್ಲ. ಕೀಳಿಸಿದ ದಿನ ಸಂಜೆ ಬಾಯೆಲ್ಲ ರಕ್ತದ ರುಚಿ ಎಂದು ಜೋರಾಗಿ ಬಾಯಿ ಮುಕ್ಕಳಿಸಿದೆ. ದಾರಿಯಲ್ಲಿ ಒಂದು ಎಳನೀರು ಕೊಂಡು ಕೊಳವೆಯಿಂದ ಹೀರಿದೆ. ಎಳನೀರು ತಂಪು, ಒಳ್ಳೆಯದೇ. ಹೀರಿದ್ದು ಮಾತ್ರ ಕೆಟ್ಟದ್ದು. ಹೆಪ್ಪು ಕಿತ್ತು ಬಂತು. ಮೂರನೆಯ ದಿನ ಮೊದಲಿನದಕ್ಕಿಂತ ದೊಡ್ಡ ನೋವು ಎದ್ದು ಕಿವಿಯವರೆಗೂ ಹರಿಯಿತು, ಬಾಯಿ ನಾರತೊಡಗಿತು. ದಂತವೈದ್ಯರು ನೋಡಿ, ಗುಳಿ ಒಣಗಿ ಮೂಳೆ ಬರಿದಾಗಿದೆ ಎಂದರು. ಗುಳಿಯನ್ನು ತೊಳೆದು ಮದ್ದಿನ ಪಟ್ಟಿ ಇಟ್ಟ ಮೇಲೆ ನೋವು ಇಳಿಯಿತು. ಅದನ್ನು ಬದಲಾಯಿಸಲು ಒಂದು ವಾರ ಓಡಾಡಿದೆ. ಬೀಜೋಪಚಾರ ಮಾಡದೆ ಬಿತ್ತಬೇಡಿ ಎಂದು ಊರೂರಿಗೆ ಬುದ್ಧಿ ಹೇಳುವ ನಾನು, ಬುದ್ಧಿಹಲ್ಲಿನ ವಿಷಯದಲ್ಲಿ ಬುದ್ಧಿಯಿಲ್ಲದವನಂತೆ ನಡೆದುಕೊಂಡೆ. ಕೆಳದವಡೆಯ ಬುದ್ಧಿಹಲ್ಲು ಕೀಳಿಸಿದವರಲ್ಲಿ ಈ ತೊಂದರೆ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು.

ಮೊದಲ ದಿನ

1. ಗುಳಿಯ ಮೇಲಿಟ್ಟ ಬಟ್ಟೆಯ ಮಡಿಕೆಯನ್ನು ಅರ್ಧದಿಂದ ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಮತ್ತೆ ಮತ್ತೆ ತೆಗೆದು ನೋಡಬಾರದು.

2. ಉಗುಳಬಾರದು, ಮುಕ್ಕಳಿಸಬಾರದು, ಕೊಳವೆಯಿಂದ ಏನನ್ನೂ ಹೀರಬಾರದು. ಎಂಜಲನ್ನು ನುಂಗಬೇಕು. ಎಂಜಲಿನಲ್ಲಿ ಸ್ವಲ್ಪ ಕೆಂಪು ಕಂಡರೆ ಹೆದರಬೇಡಿ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪಾಗಿಸುತ್ತದೆ.

3. ಜೋಮು ಕೆಲವು ಗಂಟೆ ಇರುತ್ತದೆ. ಅದು ಬಿಡುವವರೆಗೆ ಏನನ್ನೂ ಅಗಿಯಬೇಡಿ. ಗೊತ್ತಿಲ್ಲದೆ ತುಟಿ, ನಾಲಿಗೆ ಕಚ್ಚಿಕೊಳ್ಳುವಿರಿ.

4. ಕೊಟ್ಟ ನೋವಿನ ಗುಳಿಗೆಯನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೇ ನುಂಗಬೇಕು. ಅಂಗಡಿಯಿಂದ ಬೇರೆ ಗುಳಿಗೆ ತಂದು ಸೇರಿಸಬಾರದು. ಗುಳಿಗೆಯನ್ನು ಪುಡಿಮಾಡಿ ಗುಳಿಯಲ್ಲಿ ಇಡುವವರಿದ್ದಾರೆ. ಅದರಿಂದ ವಸಡು ಸುಡುತ್ತದೆ.

5. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗೆ 15 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಟ್ಟು, ಮತ್ತೆ ಇಡಬಹುದು. ಮೊದಲ ದಿನ ಬಿಸಿ ಶಾಖ ಬೇಡ.

6. ತಲೆಯ ಕೆಳಗೆ ಇನ್ನೊಂದು ದಿಂಬು ಇಟ್ಟು ಮಲಗಿ. ಮೂಟೆ ಹೊರುವುದು, ಅಗೆಯುವುದು, ಬಗ್ಗಿ ಕಳೆ ಕೀಳುವುದು ಎರಡು ಮೂರು ದಿನ ಬೇಡ.

7. ಬೀಡಿ, ಎಲೆಅಡಿಕೆ, ಹೊಗೆಸೊಪ್ಪು, ಹೆಂಡ ಇವುಗಳನ್ನು ಕನಿಷ್ಠ ಮೂರು ದಿನ ಮುಟ್ಟಕೂಡದು. ಒಂದು ವಾರ ಬಿಟ್ಟರೆ ಒಳ್ಳೆಯದು. ಒಂದು ವಾರ ಬಿಟ್ಟವರು ಹಾಗೆಯೇ ಮುಂದುವರಿಸಿದರೆ ಬಾಯಿಯ ಭಾಗ್ಯವೆನ್ನಬೇಕು.

ಮುಂದಿನ ದಿನಗಳು

ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಬಾಯಲ್ಲಿ ತುಂಬಿಕೊಂಡು ಮೆಲ್ಲಗೆ ತಲೆ ವಾಲಿಸಿ ಬಿಡಬೇಕು. ಗಳಗಳ ಸದ್ದು ಮಾಡಿ ಮುಕ್ಕಳಿಸಬಾರದು. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಬೇಕು. ಗಾಯದ ಹತ್ತಿರ ಮಾತ್ರ ಹಗುರವಾಗಿ.

ಊತ ಮೊದಲ ದಿನಕ್ಕಿಂತ ಎರಡನೆಯ, ಮೂರನೆಯ ದಿನ ಹೆಚ್ಚಾಗುತ್ತದೆ. ಇದನ್ನು ತಿಳಿಯದೆ, ಏನೋ ಕೆಟ್ಟಿತು ಎಂದು ಅನೇಕರು ಕಂಗಾಲಾಗುತ್ತಾರೆ. ಅನಂತರ ಅದು ಇಳಿಯುತ್ತ ಬಂದು ಸುಮಾರು ಒಂದು ವಾರದಲ್ಲಿ ಹೋಗುತ್ತದೆ. ಕೆನ್ನೆಯ ಮೇಲೆ ನೀಲಿ ಹಳದಿ ಕಲೆ ಕಾಣಬಹುದು, ಬಾಯಿ ಪೂರ್ತಿ ತೆರೆಯದಿರಬಹುದು. ಇವೂ ದಿನಗಳೆದಂತೆ ಸರಿಹೋಗುತ್ತವೆ. ಹೊಲಿಗೆ ತಾನೇ ಕರಗುವ ದಾರದ್ದಾದರೆ ಸರಿ, ಇಲ್ಲವಾದರೆ ಸುಮಾರು ಒಂದು ವಾರಕ್ಕೆ ಹೋಗಿ ತೆಗೆಸಬೇಕು. ವಸಡು ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಲು ಕೆಲವು ತಿಂಗಳು ಬೇಕು.

ಊಟದ ಚಿಂತೆ ಹೆಂಗಸರದು. ಮೊದಲ ದಿನ ಆರಿದ ಗಂಜಿ, ರಾಗಿ ಅಂಬಲಿ, ಮಜ್ಜಿಗೆ, ಮೆತ್ತಗೆ ಕಲಸಿದ ಮೊಸರನ್ನ, ಬಾಳೆಹಣ್ಣು. ಲೋಟದಿಂದಲೇ ಕುಡಿಯಬೇಕು. ಮರುದಿನದಿಂದ ಇಡ್ಲಿ, ತೆಳ್ಳನೆಯ ಬೇಳೆಕಟ್ಟು, ಖಾರವಿಲ್ಲದ ಸಾರು. ಮುದ್ದೆ ತಿನ್ನುವವರಿಗೆ ಒಂದು ಅನುಕೂಲವಿದೆ: ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಆದರೆ ಹಬೆಯಾಡುವ ಮುದ್ದೆ ಬೇಡ. ಉಗುರುಬೆಚ್ಚಗಾದ ಮೇಲೆ ಚಿಕ್ಕ ತುತ್ತು ಮಾಡಿ ಇನ್ನೊಂದು ಪಕ್ಕದಿಂದ ನುಂಗಬಹುದು. ಕಡಲೆಕಾಯಿ, ಚಕ್ಕುಲಿ, ಹುರಿಗಾಳು, ಅವಲಕ್ಕಿ ಇವು ಗುಳಿಯಲ್ಲಿ ಸಿಕ್ಕಿಕೊಳ್ಳುವುದರಿಂದ ಕೆಲವು ದಿನ ದೂರವಿರಲಿ.

ಯಾವಾಗ ಕೂಡಲೆ ಆಸ್ಪತ್ರೆಗೆ ಹೋಗಬೇಕು?

ಚೊಕ್ಕಟವಾದ ಬಟ್ಟೆಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿದರೂ ರಕ್ತ ನಿಲ್ಲದಿದ್ದರೆ. ಮೂರು ದಿನ ಕಳೆದ ಮೇಲೂ ಊತ ಏರುತ್ತಿದ್ದರೆ. ಜ್ವರ, ಕೀವು ಬಂದರೆ. ಇಳಿದ ನೋವು ಮತ್ತೆ ಜೋರಾದರೆ ಕೀಳಿಸಿದಲ್ಲಿಗೇ ಹೋಗಿ ತೋರಿಸಿ. ತುಟಿಯ, ನಾಲಿಗೆಯ ಜೋಮು ಮರುದಿನವೂ ಬಿಡದಿದ್ದರೆ ತಿಳಿಸಿ. ಹತ್ತಿರದ ನರಕ್ಕೆ ಪೆಟ್ಟಾದರೆ ಹೀಗಾಗುವುದುಂಟು. ಹೆಚ್ಚಿನವರಿಗೆ ಅದು ವಾರಗಳಲ್ಲೊ ತಿಂಗಳುಗಳಲ್ಲೊ ಸರಿಹೋಗುತ್ತದೆ, ಅಪರೂಪಕ್ಕೆ ಉಳಿದುಬಿಡುತ್ತದೆ. ಕೀಳುವ ಮೊದಲೇ ಈ ವಿಷಯವನ್ನು ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು.

ಗದ್ದದ ಕೆಳಗೆ ಅಥವಾ ಕುತ್ತಿಗೆಗೆ ಊತ ಇಳಿದು, ನಾಲಿಗೆ ಮೇಲಕ್ಕೆದ್ದು, ಎಂಜಲು ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಇದು ಪ್ರಾಣದ ಮಾತು. ಹಲ್ಲು ಕೀಳಿಸದೆ ಬಾವು ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ.

ಜನರ ಕೆಲವು ಶಂಕೆಗಳು

"ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದಂತೆ, ಹೌದೇನಪ್ಪ?" ಎಂದು ಅಜ್ಜಿಯೊಬ್ಬರು ಕೇಳಿದರು. ಇಲ್ಲ ಅಜ್ಜಿ. ಕಣ್ಣಿನ ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ವಯಸ್ಸಾದಾಗ ಹಲ್ಲೂ ಬೀಳುತ್ತದೆ, ಕಣ್ಣೂ ಮಂಜಾಗುತ್ತದೆ. ಎರಡೂ ಒಂದೇ ಕಾಲಕ್ಕೆ ಬರುವುದರಿಂದ ಈ ನಂಬಿಕೆ ಹುಟ್ಟಿರಬೇಕು. ಬುದ್ಧಿಹಲ್ಲು ಹೋದರೆ ಬುದ್ಧಿ ಹೋಗುತ್ತದೆ ಎಂಬುದಂತೂ ಬರಿಯ ಹಾಸ್ಯ. ಹೊಗೆಸೊಪ್ಪು ಇಟ್ಟರೆ ನೋವು ಸಾಯುತ್ತದೆ ಎನ್ನುವವರಿಗೆ ಹೇಳುವುದೇನೆಂದರೆ, ನೋವು ಒಂದಿಷ್ಟು ಮರೆಯಾದರೂ ಒಳಗಿನ ಕೀವು ಸಾಯುವುದಿಲ್ಲ. ಸಂತೆಯಲ್ಲಿ ಕುಳಿತು ಹಲ್ಲು ಕೀಳುವವರ ಬಳಿಗೆ ಹೋಗಬೇಡಿ. ಶುದ್ಧಮಾಡದ ಸಲಕರಣೆಯಿಂದ ಕಾಮಾಲೆ ಮುಂತಾದ ರಕ್ತದ ರೋಗಗಳು ಅಂಟುತ್ತವೆ.

ಆ ಯುವಕರನ್ನು ಮೊನ್ನೆ ಕಂಡೆ. ಈ ವರ್ಷದ ರಾಗಿಯನ್ನು ತಾವೇ ನಿಂತು ಕೊಯ್ಯಿಸಿ ಕಣಕ್ಕೆ ಹಾಕಿದ್ದರು. ಇನ್ನೊಂದು ಪಕ್ಕದ ಬುದ್ಧಿಹಲ್ಲು ಸ್ವಲ್ಪ ಜುಮ್ಮೆನ್ನತೊಡಗಿದ ಎರಡನೆಯ ದಿನವೇ ಹೋಗಿ ತೋರಿಸಿ ಬಂದರಂತೆ. "ಕೀಳೋದು ಬೇಡ, ನೆಟ್ಟಗಿದೆ, ಚೆನ್ನಾಗಿ ಉಜ್ಜು ಅಂದ್ರು ಸ್ವಾಮಿ" ಎಂದು ನಕ್ಕರು. ನಗುವಾಗ ಅವರ ಬಾಯಿ ಪೂರ್ತಿ ತೆರೆದಿತ್ತು.

ನಿಮ್ಮ ಮನೆಯಲ್ಲಿ ಹದಿನೇಳರಿಂದ ಇಪ್ಪತ್ತೈದರೊಳಗಿನ ಮಕ್ಕಳು ಕೊನೆಯ ಹಲ್ಲು ನೋವೆಂದರೆ, ಲವಂಗದ ಡಬ್ಬಿ ತೆಗೆಯುವ ಮುಂಚೆ ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಕೀಳಿಸಬೇಕಾಗಿ ಬಂದರೆ ಧೈರ್ಯವಾಗಿ ಕೀಳಿಸಿ. ಮನೆಗೆ ಬಂದ ಮೇಲೆ ಹೆಪ್ಪನ್ನು ಕಾಯಿರಿ.

— ನಿಮ್ಮ ಗ್ರಾಮಸೇವಕ